ಸಿಂಕ್ ಆಗದ ಓಟ

ದೆವ್ವ ಹಾರುತ್ತದೆ, ಮರದ ಮೇಲೆ ಕೂರುತ್ತದೆ, ಹೆಸರು ಹಿಡಿದು ಕೂಗುತ್ತದೆ ಎಂದೆಲ್ಲ ಕೇಳಿದ್ದೆ. ಕುಂಟುತ್ತದೆ ಎಂದು ಮಾತ್ರ ನನಗೆ ಯಾರೂ ಹೇಳಿರಲಿಲ್ಲ.

ನಾನು ಲಿಖಿತಾ. ಶಿವಮೊಗ್ಗದ ವಿದ್ಯಾನಗರದಲ್ಲಿ ಅಜ್ಜಿ ಶೇಷಮ್ಮನ ಜೊತೆ ಇದ್ದೇನೆ. ಕೆಲಸ ಫಿಸಿಯೋಥೆರಪಿ. ಇಡೀ ದಿನ ಬೇರೆಯವರ ಮಂಡಿ, ಸೊಂಟ, ಕುತ್ತಿಗೆ. ನನ್ನ ಸ್ವಂತ ಕಾಲಿಗೆ ಸಿಗುವುದು ಬೆಳಗಿನ ಜಾವದ ಒಂದು ಓಟ. ಮನೆಯಿಂದ ಹೊರಟು, ತುಂಗೆಯ ಸೇತುವೆ ದಾಟಿ, ಕೋಟೆ ಆಂಜನೇಯನಿಗೆ ಹೊರಗಿನಿಂದಲೇ ಒಂದು ಕೈ ಮುಗಿದು ವಾಪಸ್. ದೇವರಿಗೂ ನನ್ನ ಬೆವರಿನ ವಾಸನೆಯ ಪರಿಚಯವಿದೆ.

ದೀಪಾವಳಿ ಕಳೆದ ಮೇಲೆ ಅಕ್ರಂ ಭಾಯಿಯ ಮೊಬೈಲ್ ಅಂಗಡಿಯಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಸ್ಮಾರ್ಟ್‌ವಾಚ್ ತಗೊಂಡೆ. ಕಪ್ಪು ಬೆಲ್ಟು, ಅದರ ಒಂದು ತೂತು ಮಾತ್ರ ಹರಿದಿತ್ತು. ಫೋನಿಗೆ ಓಟದ ಆಪ್ ಹಾಕಿದಾಗ ಅದು ‘ರನ್ನರ್ ಆಗಿ ಮುಂದುವರಿಯಲೇ?’ ಎಂದು ಕೇಳಿತು. ನಾನೂ ರನ್ನರೇ ತಾನೇ? ಹೂಂ ಅಂತ ಒತ್ತಿದೆ. ಜೀವನದಲ್ಲಿ ಎಲ್ಲ ಹಾಳಾಗುವುದು ಓದದೆ ‘ಹೂಂ’ ಒತ್ತುವುದರಿಂದಲೇ.

ವಾಚು ಕೈಮೇಲಿರುವವರೆಗೆ ಸತ್ಯ ಹೇಳುತ್ತಿತ್ತು. ಓಟದ ಪೇಸ್ ಕಿಲೋಮೀಟರಿಗೆ ಆರು ನಿಮಿಷ. ನನ್ನ ಮಟ್ಟಿಗೆ ಅದು ಕಾಲರ್ ಎತ್ತಿಕೊಂಡು ತಿರುಗುವಂಥ ಸಂಗತಿ. ಆದರೆ ಮನೆಗೆ ಬಂದು ಆಪ್‌ಗೆ ಸಿಂಕ್ ಮಾಡಿದರೆ ಸಾಕು, ಅದೇ ಓಟ ಬೇರೆ ಯಾರದೋ ಆಗಿಬಿಡುತ್ತಿತ್ತು. ಹನ್ನೊಂದು ನಿಮಿಷ, ಕೆಲವು ದಿನ ಹದಿಮೂರು. ನಡುವೆ ಒಂದು ಕಡೆ ಮಾತ್ರ ನಾನು ರೈಲಿಗಿಂತ ಜೋರಾಗಿ ಹಾರಿದ ಲೆಕ್ಕ. ಮ್ಯಾಪ್ ತೆರೆದರೆ ಸೇತುವೆಯ ಮೇಲಿನಿಂದ ಒಂದು ಕೆಂಪು ಗೆರೆ ರಸ್ತೆ ನೋಡದೆ, ಗದ್ದೆ ನೋಡದೆ, ದಾರ ಎಳೆದು ಕಟ್ಟಿದ ಹಾಗೆ ನೇರ ಭದ್ರಾವತಿಗೆ ಹೋಗಿರುತ್ತಿತ್ತು. ಅಲ್ಲಿ ಯಾವುದೋ ನೀರಿನ ಪಕ್ಕ ಸ್ವಲ್ಪ ದೂರ ತೆವಳಿ, ದಿನಾ ಒಂದೇ ಜಾಗದಲ್ಲಿ ನಿಂತು, ಮತ್ತೆ ನನ್ನ ಹತ್ತಿರ ವಾಪಸ್ ಬರುತ್ತಿತ್ತು.

ಹೆಜ್ಜೆಗಳ ಗ್ರಾಫನ್ನೂ ದೊಡ್ಡದು ಮಾಡಿ ನೋಡಿದೆ. ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ. ಮತ್ತೆ ಒಂದು ಉದ್ದ, ಒಂದು ಗಿಡ್ಡ. ನನ್ನ ಕತ್ತಿನ ಹಿಂದೆ ಯಾರೋ ಉಸಿರು ಬಿಟ್ಟಂತಾಯಿತು. ತಿರುಗಿ ನೋಡಿದರೆ ಫ್ಯಾನು.

ಎಲ್ಲ ಆಪಿನ ತಪ್ಪು ಎಂದು ನನಗೆ ನಾನೇ ಹೇಳಿಕೊಂಡೆ. ಮಾರನೇ ದಿನದಿಂದ ಓಡುವಾಗ ಹಿಂದೆ ತಿರುಗಿ ನೋಡುವ ಚಟ ಮಾತ್ರ ಅಂಟಿತು.

*

ಆ ಭಾನುವಾರ ಮಂಜು ಎಷ್ಟಿತ್ತೆಂದರೆ ಸೇತುವೆಯ ಕೆಳಗೆ ಹೊಳೆ ಇದೆ ಎಂಬುದನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಿತ್ತು. ಕಟಕಟೆಗೆ ಒರಗಿ ಒಬ್ಬ ನಿಂತಿದ್ದ. ವಾಕಿಂಗ್ ಬಂದವರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದ. ಒಬ್ಬೊಬ್ಬರ ಮಣಿಕಟ್ಟು. ನನ್ನ ಸರದಿ ಬಂದಾಗ ಅವನ ಕಣ್ಣು ಅಲ್ಲೇ ಅಂಟಿಕೊಂಡಿತು.

ನನಗೆ ರೇಗಿತು. "ಏನ್ರೀ, ಬಳೆ ಅಂಗಡಿ ಇಟ್ಟಿದೀರಾ? ಎಲ್ಲರ ಕೈನೇ ನೋಡ್ತಿದೀರಲ್ಲ?"

ಅವನು ಬೆಚ್ಚಿಬಿದ್ದ. "ಇಲ್ಲ… ಟೈಮ್ ಎಷ್ಟಾಯ್ತು ಅಂತ."

"ನಿಮ್ಮ ಕೈಯಲ್ಲೇ ವಾಚಿದೆ."

ಅವನು ತನ್ನ ಕೈಯನ್ನು ಈಗಷ್ಟೇ ಕಂಡವನ ಹಾಗೆ ನೋಡಿಕೊಂಡ. "ಇದು ನಿಂತೋಗಿದೆ."

"ಮುಳ್ಳು ಓಡ್ತಾ ಇದೆ."

"ಹೌದಾ?" ಎಂದು ನಕ್ಕ. ನಕ್ಕಾಗ ಒಂದೇ ಕೆನ್ನೆಯಲ್ಲಿ ಗುಳಿ ಬಿತ್ತು. ಕಣ್ಣು ಕೆಂಪಗಿತ್ತು, ರಾತ್ರಿಯೆಲ್ಲ ನಿದ್ದೆಯಿಲ್ಲದ ಕೆಂಪು. "ಸುಳ್ಳು ಹೇಳೋಕೆ ಬರಲ್ಲ ನನಗೆ. ನಿಮ್ಮ ವಾಚು ಚೆನ್ನಾಗಿದೆ ಅಂತ ನೋಡ್ದೆ."

"ವಾಚು ನೋಡೋಕೆ ಸೇತುವೆ ಮೇಲೆ ಬರಬೇಕಾ? ಅಂಗಡಿ ಇಲ್ವಾ?"

"ಅಂಗಡೀಲಿ ಓಡೋ ವಾಚು ಇರಲ್ಲ."

ನಾನು ಮುಖ ತಿರುಗಿಸಿ ಓಡತೊಡಗಿದೆ. ಅವನೂ ಪಕ್ಕಕ್ಕೆ ಬಂದ. ಕಾಲಲ್ಲಿದ್ದ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಓಡಿದ. ಮಂಜಿನಲ್ಲಿ ನನ್ನ ಶೂಗಳ ಸದ್ದು ಮಾತ್ರ ಕೇಳುತ್ತಿತ್ತು. ಪಕ್ಕದಲ್ಲಿ ಒಬ್ಬ ಗಂಡಸು ಓಡುತ್ತಿದ್ದಾನೆ, ಸದ್ದೇ ಇಲ್ಲ.

"ಚಪ್ಪಲಿ ಹಾಕ್ಕೊಳ್ಳಿ, ಗಾಜು ಚುಚ್ಚುತ್ತೆ," ಎಂದೆ.

"ಚಪ್ಪಲೀಲಿ ನಿಮ್ಮ ಸ್ಪೀಡಿಗೆ ಬರೋಕಾಗಲ್ಲ."

"ನನ್ನ ಆಪ್ ಕೇಳಿ. ಅದರ ಪ್ರಕಾರ ನಾನು ಆಮೆ."

ಅವನು ಓಡುತ್ತಲೇ ನನ್ನ ಕಡೆ ತಿರುಗಿದ. ಆ ನೋಟದಲ್ಲಿ ಏನೋ ಇತ್ತು. ನನ್ನನ್ನು ನೋಡಿ ಖುಷಿ, ನನ್ನನ್ನು ನೋಡಿಯೇ ಸಂಕಟ, ಎರಡೂ ಒಟ್ಟಿಗೆ. ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ಎದೆ ಡವಡವ ಎಂದಿತು, ಅದನ್ನು ಓಟದ ಲೆಕ್ಕಕ್ಕೆ ಹಾಕಿದೆ.

ಸೇತುವೆಯ ಕೊನೆಯಲ್ಲಿ ನಿಂತು, ಕೇಳದೆಯೇ ವಾಚಿನ ಬೆಲ್ಟಿನ ಹರಿದ ತೂತನ್ನು ಬೆರಳ ತುದಿಯಿಂದ ಮುಟ್ಟಿದ. ಬೆರಳು ಐಸು. "ದಿನಾ ಓಡ್ತೀರಾ?"

"ಹೂಂ. ನೀವು ಎಲ್ಲಿಯವರು?"

"ಭದ್ರಾವತಿ."

ಮ್ಯಾಪಿನ ಕೆಂಪು ಗೆರೆ ನನ್ನ ಬೆನ್ನ ಮೇಲೆ ಹರಿದಂತಾಯಿತು.

"ಓಡ್ತಾ ಇರಿ," ಎಂದ ಅವನು. "ದಯವಿಟ್ಟು ನಿಲ್ಲಿಸ್ಬೇಡಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಮಂಜಿನೊಳಗೆ ಹೋಗಿಬಿಟ್ಟ. ಹೋದ ಹೆಜ್ಜೆಯೂ ಕೇಳಲಿಲ್ಲ.

*

"ಮೇಡಂ, ವಾಚಿಗೆ ಏನೂ ಆಗಿಲ್ಲ. ನಿಮಗೇ ಏನೋ ಆಗಿದೆ," ಎಂದರು ಅಕ್ರಂ ಭಾಯಿ, ಫೋನನ್ನು ಮೂಗಿನ ಹತ್ತಿರ ಹಿಡಿದು. ಅವರ ಅಂಗಡಿ ಕೋಟೆ ರಸ್ತೆಯ ಒಂದು ಸಂದಿಯಲ್ಲಿದೆ. ಇಬ್ಬರು ಗಿರಾಕಿ ಬಂದರೆ ಮೂರನೆಯವರು ಚರಂಡಿ ಕಲ್ಲಿನ ಮೇಲೆ ನಿಲ್ಲಬೇಕು.

"ತಮಾಷೆ ಬೇಡ ಭಾಯ್. ನನ್ನ ಓಟದಲ್ಲಿ ಇನ್ಯಾರೋ ನಡೀತಿದಾರೆ."

"ಹೂಂ, ಸಿಂಪಲ್ಲು. ‘ರನ್ನರ್’ ಅನ್ನೋದು ಹಳೇ ಮಾಲೀಕನ ಅಕೌಂಟಿನ ಹೆಸರು. ಅಕೌಂಟು ಒಂದು, ಸಾಮಾನು ಎರಡು. ನಿಮ್ಮ ಕೈಲಿ ವಾಚಿದೆ, ಇನ್ನೆಲ್ಲೋ ಹಳೇ ಮಾಲೀಕನ ಫೋನ್ ಇದೆ. ನಿಮ್ಮ ಓಟ, ಆ ಫೋನಿನ ನಡಿಗೆ, ಎರಡನ್ನೂ ಕಲಸಿ ಒಂದೇ ಪಾತ್ರೇಲಿ ಬಡಿಸ್ತಿದೆ ಆಪು. ಅದಕ್ಕೇ ಪೇಸ್ ಹಾಳು."

ಎಷ್ಟು ಸಮಾಧಾನವಾಯಿತೆಂದರೆ ಅಲ್ಲೇ ಇದ್ದ ಸ್ಟೂಲ್ ಮೇಲೆ ಕೂತೆ. "ಹಂಗಾದ್ರೆ ಆ ಹಳೇ ಮಾಲೀಕನಿಗೆ ಫೋನ್ ಮಾಡಿ, ನಡೆಯೋದು ನಿಲ್ಸಪ್ಪ ಅನ್ನಿ."

ಅಕ್ರಂ ಭಾಯಿ ಫೋನನ್ನು ಮೆಲ್ಲಗೆ ಕೌಂಟರ್ ಮೇಲಿಟ್ಟರು. "ಅದೇ ಕಷ್ಟ ನೋಡಿ. ಆ ಹುಡುಗ ಎರಡು ವರ್ಷದ ಹಿಂದೆ ಭದ್ರಾ ಚಾನಲ್‌ನಲ್ಲಿ ಮುಳುಗಿ ಹೋಗ್ಬಿಟ್ಟ. ಮನೆಯವರು ಯಾರೋ ತಂದು ಮಾರಿದ್ರು. ಹೇಳಿದ್ರೆ ನೀವು ತಗೋತಿರ್ಲಿಲ್ಲ. ಆದ್ರೆ ಪೀಸು ಗ್ಯಾರಂಟಿ, ಅಲ್ಲಾ ಕಸಂ."

ಅವರು ಪಟ್ಟಿಯನ್ನು ಕೆಳಕ್ಕೆ ಎಳೆದರು. ನಾನೆಂದೂ ಅಷ್ಟು ಕೆಳಗೆ ಹೋಗಿರಲಿಲ್ಲ. ನನ್ನ ಓಟಗಳು ಮುಗಿದವು. ಆಮೇಲೆ ಬರೀ ಖಾಲಿ ತಿಂಗಳು. ಅದರ ಕೆಳಗೆ ಒಂದರ ಕೆಳಗೊಂದು ಭದ್ರಾವತಿಯ ಓಟಗಳು, ನಾಲೆಯ ಏರಿಯ ಮೇಲೆ, ಬಿರುಸಿನ ಓಟಗಳು. ಅವುಗಳಲ್ಲಿ ಎಲ್ಲಕ್ಕಿಂತ ಮೇಲಿನದ್ದರ ಪಕ್ಕ ಒಂದು ಸಣ್ಣ ಚಕ್ರ ತಿರುಗುತ್ತಿತ್ತು. ‘ಸಿಂಕ್ ಆಗುತ್ತಿದೆ.’

"ಇದು ಅವನ ಕೊನೇದು," ಎಂದರು ಭಾಯಿ. "ಎರಡು ವರ್ಷದಿಂದ ಸುತ್ತುತಾನೇ ಇದೆ."

ಕಡಲೆಕಾಳಿನಷ್ಟು ಸಣ್ಣದಿದ್ದ ಪ್ರೊಫೈಲ್ ಫೋಟೋವನ್ನು ದೊಡ್ಡದು ಮಾಡಿದರು. ನಗುತ್ತಿದ್ದ. ಒಂದೇ ಕೆನ್ನೆಯಲ್ಲಿ ಗುಳಿ.

ನಾನು ಆ ದಿನ ಬೆಳಿಗ್ಗೆ ಬಳೆ ಅಂಗಡಿ ಎಂದು ಬೈದದ್ದು ಈ ಮುಖಕ್ಕೇ.

"ಹೊಸ ಅಕೌಂಟ್ ಮಾಡ್ಕೊಡ್ಲಾ? ಎರಡೇ ನಿಮಿಷ," ಎಂದರು ಭಾಯಿ. ಹೂಂ ಎನ್ನಬೇಕಿತ್ತು. ಬಾಯಿಂದ ಬಂದದ್ದು "ಇವತ್ತು ಬೇಡ" ಎಂಬ ಮಾತು. ಆ ಗೆರೆ ಕತ್ತರಿಸಿದರೆ ಅವನು ಇನ್ನು ಬರುವುದಿಲ್ಲವಲ್ಲ ಎಂಬ ಯೋಚನೆ ನನಗೇ ಬಂದದ್ದು. ಸತ್ತವನು ಬರುವುದಿಲ್ಲ ಅಂತ ಸಂಕಟಪಡುವ ಹುಡುಗಿಗೆ ಯಾವ ಡಾಕ್ಟರು ಔಷಧಿ ಕೊಡುತ್ತಾರೋ ಗೊತ್ತಿಲ್ಲ.

*

ಅಜ್ಜಿಯ ಹತ್ತಿರ ಮುಚ್ಚಿಡುವುದು ನನಗೆ ಆಗದ ಕೆಲಸ. ಮಂಡಿಗೆ ಎಣ್ಣೆ ತಿಕ್ಕುತ್ತಾ ಎಲ್ಲ ಹೇಳಿದೆ. ಅಜ್ಜಿ ಹೆದರಲಿಲ್ಲ, ವಿಚಾರಣೆ ಶುರು ಮಾಡಿದಳು.

"ಪಾದ ನೋಡಿದ್ಯಾ? ಹಿಂದುಮುಂದಾಗಿತ್ತಾ?"

"ನೋಡ್ಲಿಲ್ಲ ಅಜ್ಜಿ."

"ದಿನಾ ಜನರ ಕಾಲು ತಿಕ್ಕೋಳು, ಕಾಲು ನೋಡ್ದೆ ಇನ್ನೇನು ನೋಡ್ದೆ ಮಾರಾಯ್ತಿ?"

ನಾನು ಎಣ್ಣೆ ಬಟ್ಟಲಿನ ಕಡೆ ತಿರುಗಿದೆ. ಅಜ್ಜಿಗೆ ಉತ್ತರ ಸಿಕ್ಕಿತು, ಅವಳ ಮುಖ ಗಂಭೀರವಾಯಿತು.

"ನಮ್ಮ ಕಾಲದಲ್ಲಿ ಇಂಥದ್ದಕ್ಕೆಲ್ಲ ಜಗಳ ಮಾಡ್ತಿರ್ಲಿಲ್ಲ. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತಿದ್ವಿ. ಬರತ್ತೆ, ಓದತ್ತೆ, ಸರಿ ನಾಳೆ ಬರೋಣ ಅಂತ ಹೋಗತ್ತೆ. ನಾಳೆ ಬಂದ್ರೆ ಮತ್ತೆ ಅದನ್ನೇ ಓದತ್ತೆ. ಪಾಪ, ಅದಕ್ಕೆ ನಾಳೆ ಅನ್ನೋದು ಬರೋದೇ ಇಲ್ಲ."

"ದೆವ್ವಕ್ಕೆ ಅಷ್ಟೂ ಬುದ್ಧಿ ಇಲ್ವಾ?"

"ಆಸೆ ಇದ್ದೋರಿಗೆ ಬುದ್ಧಿ ಎಲ್ಲಿರತ್ತೆ?" ಎಂದು ನನ್ನನ್ನೇ ನೋಡಿದಳು. ಎದ್ದು ಸೀಮೆಸುಣ್ಣ ಹುಡುಕಿ, ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ಬರೆದೇ ಬಿಟ್ಟಳು. ಆದರೆ ನನ್ನ ದೆವ್ವ ಬಾಗಿಲಿನಿಂದ ಬರುವುದಲ್ಲ, ಆಪಿನಿಂದ ಬರುವುದು. ಆಪ್ ತೆರೆದು ಆ ದಿನದ ಓಟಕ್ಕೆ ಹೆಸರು ಕೊಡುವ ಜಾಗದಲ್ಲಿ ನಾನೂ ಬರೆದೆ. ‘ನಾಳೆ ಬಾ.’

ಬರೆದು ತುಂಬ ಹೊತ್ತು ಅದನ್ನೇ ನೋಡಿದೆ. ಓಡಿಸುವುದಕ್ಕೆ ಬರೆದೆನೋ, ಕರೆಯುವುದಕ್ಕೆ ಬರೆದೆನೋ, ನನಗೇ ಹೇಳಲಾಗಲಿಲ್ಲ. ಕನ್ನಡದಲ್ಲಿ ಎರಡಕ್ಕೂ ಅದೇ ಮಾತು, ನಾನೇನು ಮಾಡಲಿ?

*

ಮಾರನೇ ಬೆಳಿಗ್ಗೆ ಹೋಗಬಾರದು ಎಂದು ತೀರ್ಮಾನಿಸಿ ಶೂ ಕಟ್ಟಿಕೊಂಡೆ.

ಸೇತುವೆಯ ನಡುವೆ ಬರುವಾಗ ಎದುರಿನಿಂದ ಮಂಜು ಸೀಳಿಕೊಂಡು ಬೈಕ್ ಬಂತು. ನನ್ನ ಮುಂದೆಯೇ ಕಿರ್ ಎಂದು ನಿಂತಿತು. ಅವನೇ. ಕೂದಲು ಕೆದರಿತ್ತು, ತುಟಿ ಬಿಳಿಚಿತ್ತು.

ನಾನು ಮೊದಲು ಅವನ ಪಾದ ನೋಡಿದೆ. ಸರಿಯಾಗಿಯೇ ಇತ್ತು. ಆಮೇಲೆ ತೋಳು ಚಿವುಟಿದೆ.

"ಅಯ್ಯೋ! ಏನ್ರೀ?"

"ಜೀವ ಇದೆ," ಎಂದೆ. "ನೀವು ಸತ್ತಿಲ್ವಾ?"

"ಸತ್ತಿದ್ದು ನಮ್ಮಣ್ಣ, ನಿಶಾಂತ್. ನಾನು ಗುರು, ಇಬ್ಬರದೂ ಒಂದೇ ಥರ ಮುಖ. ಅದೆಲ್ಲ ಆಮೇಲೆ. ಇಲ್ಲಿ ಒಬ್ಬರು ವಯಸ್ಸಾದೋರನ್ನ ನೋಡಿದ್ರಾ? ಹಸಿರು ಸೀರೆ, ಕೈಲಿ ಫೋನು? ನಮ್ಮಮ್ಮ." ಅವನ ದನಿ ಒಡೆಯಿತು. "ನಿನ್ನೆ ಆಪಿನಲ್ಲಿ ನೀವೇನು ಬರೆದ್ರಿ?"

"ನಾಳೆ ಬಾ ಅಂತ," ಎಂದೆ.

ಅವನು ಗಡಿಬಿಡಿಯಲ್ಲಿ ಹೇಳಿದ್ದು ಇಷ್ಟು. ಅಣ್ಣನ ಫೋನು ಅಮ್ಮನ ಹತ್ತಿರ ಇದೆ. ದಿನಾ ಚಾರ್ಜ್ ಮಾಡುತ್ತಾಳೆ. ಒಂದು ದಿನ ಆ ಫೋನಿನಲ್ಲಿ ಮಗನ ಓಟ ಮತ್ತೆ ಶುರುವಾಯಿತು, ಶಿವಮೊಗ್ಗದಲ್ಲಿ. ನಿಶಾಂತ ಓಡುತ್ತಿದ್ದಾನೆ ಎಂದು ಅಮ್ಮ ನಂಬಿಬಿಟ್ಟಳು. ಎರಡು ವರ್ಷದ ಮೇಲೆ ಹೊಟ್ಟೆ ತುಂಬ ಉಂಡಳು. ವಾಚನ್ನು ಕಣ್ಣಿಂದ ದೂರ ಮಾಡೋಣ ಎಂದು ಮಾರಿದ್ದವನು ಗುರುವೇ. ಕೊಂಡವರನ್ನು ಹುಡುಕಿ, ನಿಲ್ಲಿಸಿ ಎಂದು ಕೇಳಲು ಬಂದು, ನನ್ನನ್ನು ಕಂಡ ಮೇಲೆ ನಿಲ್ಲಿಸಬೇಡಿ ಎಂದು ಹೇಳಿ ಹೋಗಿದ್ದ.

"ನಿನ್ನೆ ಸಾಯಂಕಾಲ ನಾನು ನೈಟ್ ಶಿಫ್ಟಿಗೆ ಹೊರಟಾಗ ಅಮ್ಮ ಫೋನ್ ತೋರಿಸಿದ್ಲು. ‘ನೋಡೋ ಗುರು, ನಿಶಾಂತ ಕರೆದಿದಾನೆ. ನಾಳೆ ಬಾ ಅಂತ ಬರೆದಿದಾನೆ.’ ನಾನು ನಕ್ಕು ಸಬ್‌ಸ್ಟೇಷನ್‌ಗೆ ಹೋದೆ. ಬೆಳಿಗ್ಗೆ ಎಷ್ಟು ಸಲ ಫೋನ್ ಮಾಡಿದ್ರೂ ಎತ್ತಲಿಲ್ಲ. ಅವನು ಓಡೋ ಜಾಗಕ್ಕೇ ಬಸ್ ಹತ್ತಿರ್ತಾಳೆ ಅಂತ ಇಲ್ಲಿಗೆ ಬಂದೆ."

ಒಂದು ಉದ್ದ, ಒಂದು ಗಿಡ್ಡ. ಆ ಹೆಜ್ಜೆ ನನ್ನ ತಲೆಯೊಳಗೆ ನಡೆಯತೊಡಗಿತು. ದೆವ್ವಕ್ಕೆ ಅಂಜಿ ನಾನು ಕಲಿತ ವಿದ್ಯೆಯನ್ನೇ ಮರೆತಿದ್ದೆ.

"ನಿಮ್ಮಮ್ಮನಿಗೆ ಒಂದು ಮಂಡಿ ನೋವಾ?"

"ಹೌದು. ನಿಮಗೆ ಹೇಗೆ…"

"ದಿನಾ ಬೆಳಿಗ್ಗೆ ವಾಕ್ ಹೋಗ್ತಾರೆ. ನೀವು ಶಿಫ್ಟಿಂದ ಬರೋಷ್ಟರಲ್ಲಿ ವಾಪಸ್ ಬಂದಿರ್ತಾರೆ." ಫೋನ್ ತೆಗೆದು ಕೆಂಪು ಗೆರೆ ತೋರಿಸಿದೆ. "ದಿನಾ ಇಲ್ಲಿಗೆ ಬಂದು ನಿಲ್ತಾರೆ. ಇದೇ ಜಾಗ."

ಗುರು ಮ್ಯಾಪನ್ನು ನೋಡಿದ. ನೋಡುತ್ತಲೇ ಇದ್ದ.

"ಅಲ್ಲೇ ಅವನ ಶೂ ಸಿಕ್ಕಿದ್ದು," ಎಂದ.

*

ನಾನು ಅವನ ಬೈಕ್ ಹತ್ತಿದ್ದು ಯೋಚಿಸಿ ಅಲ್ಲ. ಊರು ಕಳೆದ ಮೇಲೆ ಮಂಜು ಇನ್ನೂ ದಟ್ಟವಾಯಿತು. ಗಾಳಿಯ ಸದ್ದಿನ ನಡುವೆ ಅವನು ಹೇಳುತ್ತಾ ಹೋದ. ಅಣ್ಣ ದಿನಾ ಓಟ ಮುಗಿಸಿ ಚಾನಲ್‌ನಲ್ಲಿ ಈಜುತ್ತಿದ್ದ. ವಾಚನ್ನು ಬಿಚ್ಚಿ ಶೂ ಒಳಗಿಟ್ಟು ನೀರಿಗಿಳಿಯುತ್ತಿದ್ದ. ಆ ದಿನ ನೀರು ಜೋರಾಗಿ ಬಿಟ್ಟಿದ್ದರು.

"ಮಧ್ಯಾಹ್ನ ಶೂ ಸಿಕ್ತು. ಒಳಗೆ ವಾಚಿತ್ತು. ಅದರಲ್ಲಿ ಓಟ ಇನ್ನೂ ನಡೀತಾನೇ ಇತ್ತು, ಟೈಮ್ ಏರ್ತಾನೇ ಇತ್ತು. ನಾನೇ ಸ್ಟಾಪ್ ಒತ್ತಿದೆ. ನಾನು ಒತ್ತಿದ್ದಕ್ಕೇ ನಿಂತ ಅನ್ನಿಸ್ತು. ಈಗ್ಲೂ ಅನ್ನಿಸತ್ತೆ."

ನಾನು ಅವನ ಭುಜದ ಮೇಲೆ ಕೈಯಿಟ್ಟೆ. ಆ ಕೈಯಲ್ಲಿ ಅದೇ ವಾಚು. ನಾನೂ ನನ್ನ ಓಟವನ್ನು ನಿಲ್ಲಿಸಲು ಮರೆತಿದ್ದೆ. ಅಂಕಿಗಳು ಹುಚ್ಚು ಹಿಡಿದಂತೆ ಓಡುತ್ತಿದ್ದವು, ಆಪಿನಲ್ಲಿ ಕಾಣುತ್ತಿದ್ದ ಅದೇ ರೈಲಿನ ವೇಗ. ಆ ನೇರ ಗೆರೆಯ ಮೇಲೆ ಈಗ ನಾನೇ ಹೋಗುತ್ತಿದ್ದೆ.

ಚಾನಲ್ ಏರಿಯ ಮೇಲೆ ಬೈಕ್ ನಿಂತಿತು. ವಾಚು ನಡುಗಿತು. ‘ಓಟ ತಡೆದಿದೆ’ ಎಂದು ಬಂತು. ನಿಂತರೆ ತಾನೇ ತಡೆಯುವುದು ಅದರ ಅಭ್ಯಾಸ, ನನಗೆ ಗೊತ್ತು. ಆದರೂ ರೋಮ ಎದ್ದು ನಿಂತವು.

ಮೆಟ್ಟಿಲಿನ ಕೊನೆಯಲ್ಲಿ ಹಸಿರು ಸೀರೆ. ಗುರುವಿನ ಅಮ್ಮ ಶಕುಂತಲಮ್ಮ ಪಾದಗಳನ್ನು ನೀರಿಗೆ ಬಿಟ್ಟು ಕೂತಿದ್ದರು. ನೀರು ಸದ್ದಿಲ್ಲದೆ, ಬಲು ಬೇಗ ಹರಿಯುತ್ತಿತ್ತು. ಚಪ್ಪಲಿಯನ್ನು ಮೇಲಿನ ಮೆಟ್ಟಿಲಲ್ಲಿ ಜೋಡಿಸಿಟ್ಟಿದ್ದರು.

"ಅಮ್ಮಾ!"

"ಕೂಗಬೇಡ್ವೋ," ಎಂದರು ತಿರುಗದೆಯೇ. ಫೋನನ್ನೇ ನೋಡುತ್ತಿದ್ದರು. "ನಾಳೆ ಬಾ ಅಂತ ನಿನ್ನೆ ಬರೆದಿದ್ದ. ಸರಿ, ಇವತ್ತು ಬಂದೆ. ಇಳಿಯೋ ಮುಂಚೆ ಇನ್ನೊಂದ್ಸಲ ನೋಡೋಣ ಅಂತ ತೆಗೆದ್ರೆ, ಇವತ್ತೂ ನಾಳೆ ಬಾ ಅಂತಾನೇ ಇದೆ. ಹಂಗಾದ್ರೆ ಇವತ್ತಲ್ಲ. ಇವತ್ತು ಬೇಡ ಅಂತಿದಾನೆ."

ಗುರು ಮೆಟ್ಟಿಲಿಳಿದು ಅಮ್ಮನನ್ನು ಹಿಂದಿನಿಂದ ತಬ್ಬಿಕೊಂಡ. ನಾನು ಏರಿಯ ಮೇಲೆ ಕುಸಿದು ಕೂತೆ. ನನ್ನ ಎರಡು ಮಾತು ಅವರನ್ನು ನೀರಿಗೆ ಕರೆದಿತ್ತು. ಅದೇ ಎರಡು ಮಾತು ನೀರಿನ ಅಂಚಲ್ಲಿ ಹಿಡಿದು ಕೂರಿಸಿತ್ತು. ಅಜ್ಜಿಯ ಮಂತ್ರ ದೆವ್ವಕ್ಕಲ್ಲ, ತಾಯಿಗೆ ತಗುಲಿತ್ತು.

ಗುರು ನನ್ನ ಕಡೆ ನೋಡಿ ತಲೆಯಾಡಿಸಿದ. ಹೇಳಬೇಡಿ, ಎಂದು ಆ ಕಣ್ಣು ಬೇಡುತ್ತಿತ್ತು. ಹೇಳಿದರೆ ಅಮ್ಮ ಎರಡನೇ ಸಲ ಮಗನನ್ನು ಕಳೆದುಕೊಳ್ಳುತ್ತಾಳೆ. ಹೇಳದಿದ್ದರೆ, ನಾಳೆ ಎಂಬ ಅಕ್ಷರ ಎಷ್ಟು ದಿನ ಕಾಯುತ್ತದೆ? ಆ ಪಾದಗಳು ನೀರಿನಲ್ಲಿರುವುದು ನೋಡಿ ನನಗೆ ತಡೆಯಲಾಗಲಿಲ್ಲ. ಇಳಿದುಹೋಗಿ ಪಕ್ಕದಲ್ಲಿ ಕೂತೆ. ಅವರ ಎಡಗಾಲನ್ನು ನೀರಿಂದ ಎತ್ತಿ ನನ್ನ ತೊಡೆಯ ಮೇಲಿಟ್ಟುಕೊಂಡೆ.

"ಅಮ್ಮ, ಈ ಮಂಡಿ ಊದಿದೆ. ಇದಕ್ಕೇ ಆ ಹೆಜ್ಜೆ ಗಿಡ್ಡ ಬೀಳ್ತಿರೋದು."

"ನೀನ್ಯಾರಮ್ಮ?"

"ದಿನಾ ಬೆಳಿಗ್ಗೆ ನಿಮ್ಮ ಜೊತೆ ಬರೋಳು." ವಾಚಿದ್ದ ಕೈ ಮುಂದೆ ಚಾಚಿದೆ. "ಶಿವಮೊಗ್ಗದಲ್ಲಿ ಓಡ್ತಿದ್ದಿದ್ದು ನಾನು. ನಾಳೆ ಬಾ ಅಂತ ಬರೆದಿದ್ದೂ ನಾನೇ. ತಪ್ಪಾಯ್ತು."

ಅವರು ಹರಿದ ತೂತನ್ನು ಬೆರಳಿಂದ ಮುಟ್ಟಿದರು, ಸೇತುವೆಯ ಮೇಲೆ ಗುರು ಮುಟ್ಟಿದ್ದ ಹಾಗೆಯೇ. ನೀರು ಹರಿಯುತ್ತಿತ್ತು.

"ಹಂಗಾದ್ರೆ ಅವನು ಓಡ್ತಿರ್ಲಿಲ್ಲ."

"ಇಲ್ಲ ಅಮ್ಮ."

ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. "ನನಗೆ ಮೊದಲಿಂದ್ಲೂ ಅನುಮಾನ ಇತ್ತು. ನನ್ನ ಮಗ ಇಷ್ಟು ನಿಧಾನ ಓಡೋನೇ ಅಲ್ಲ."

ನನಗೆ ನಗು ಬಂತು. ನಗುವಾಗಲೇ ಅಳುವೂ ಬಂತು. ಮೂವರೂ ಆ ಮೆಟ್ಟಿಲ ಮೇಲೆ ಅತ್ತೆವು, ಮನಸಾರೆ, ಮಂಜು ಕರಗುವವರೆಗೆ. ವಾಚು ಬಿಚ್ಚಿಕೊಡಲು ಹೋದರೆ ಶಕುಂತಲಮ್ಮ ಬೇಡವೆಂದರು. "ಓಡೋ ಕೈಲೇ ಇರ್ಲಿ. ಪೆಟ್ಟಿಗೇಲಿಟ್ಟು ನಾನೇನು ಮಾಡ್ಲಿ? ಆದ್ರೆ ಆ ಕೊನೇ ಓಟದ ಚಕ್ರ ಒಂದು ಸುತ್ತುತಾನೇ ಇದೆ ಕಣಮ್ಮ. ಅದು ನಿಂತಿದ್ರೆ ನಿದ್ದೆ ಬರ್ತಿತ್ತು."

*

ಅಕ್ರಂ ಭಾಯಿ ನನಗೆ ಹೊಸ ಅಕೌಂಟ್ ಮಾಡಿಕೊಟ್ಟರು. ಪೇಸ್ ಸರಿಯಾಯಿತು, ಗೆರೆಗಳು ಸೇತುವೆಯ ಮೇಲೆಯೇ ಉಳಿದವು. ಹಳೆಯದನ್ನು ಅಳಿಸಬೇಡಿ ಎಂದು ಶಕುಂತಲಮ್ಮ ಕೇಳಿಕೊಂಡದ್ದರಿಂದ ಅದು ಅವರ ಹತ್ತಿರದ ಫೋನಿನಲ್ಲಿ ಹಾಗೆಯೇ ಇತ್ತು. ಆ ಚಕ್ರ ನಿಲ್ಲಿಸಲು ಭಾಯಿ ಏನೇನೋ ಒತ್ತಿ ನೋಡಿ ಕೈಚೆಲ್ಲಿದರು.

ಗುರುವಾರ ಗುರುವಾರ ಶಕುಂತಲಮ್ಮ ಮಂಡಿ ತೋರಿಸಲು ಕ್ಲಿನಿಕ್ಕಿಗೆ ಬರುತ್ತಿದ್ದರು. ಕರೆತರುತ್ತಿದ್ದ ಗುರು ಹೊರಗೆ ಬೆಂಚಿನ ಮೇಲೆ ಕೂತು, ಪೇಪರನ್ನು ತಲೆಕೆಳಗಾಗಿ ಹಿಡಿದು, ನನ್ನನ್ನು ನೋಡುತ್ತಿದ್ದ.

"ವಾಚು ನೋಡ್ತಿದೀರಾ?" ಎಂದು ಕೇಳುತ್ತಿದ್ದೆ.

"ಅಲ್ಲ. ಈಗ ಮುಖ ನೋಡೋದು ಕಲಿತಿದೀನಿ."

ಒಂದು ಗುರುವಾರ, ಹೊರಡುವ ಮುಂಚೆ, ಮನೆಗೆ ಬಂದು ಅಜ್ಜಿಯ ಹತ್ತಿರ ಮಾತಾಡ್ತೀನಿ ಎಂದ. ಕಿವಿ ಕೆಂಪಾಗಿತ್ತು. ನಾನು ಯಾವಾಗ ಎಂದೂ ಕೇಳಲಿಲ್ಲ, ಅಷ್ಟು ಖುಷಿ.

ಬರಲಿಲ್ಲ. ಮಾರನೇ ದಿನವೂ ಬರಲಿಲ್ಲ. ನಾನು ಇಸ್ತ್ರಿ ಮಾಡಿದ ಚೂಡಿದಾರದಲ್ಲಿ ಕೂತು ಕೂತು ಅದು ಮುದುಡಿತು. ಮೂರನೇ ಸಂಜೆ ರೇಗಿ, ಗೇಟಿನ ಸದ್ದಾದ ಕೂಡಲೇ ಬಾಗಿಲು ತೆರೆದರೆ, ಅವನು ಬೆನ್ನು ಹಾಕಿ ವಾಪಸ್ ಹೋಗುತ್ತಿದ್ದ. ಕಾಲಿಗೆ ಹೊಸ ಶೂ.

"ಎಲ್ಲಿಗೆ? ಬಂದೋರು ಒಳಗೆ ಬರಲ್ವಾ?"

"ಮೂರು ದಿನದಿಂದ ಬರ್ತಿದೀನಿ. ನಿಮ್ಮ ಬಾಗಿಲೇ ಹೇಳ್ತಿದೆಯಲ್ಲ." ಬೆರಳು ತೋರಿಸಿದ. ಅಜ್ಜಿಯ ಸೀಮೆಸುಣ್ಣದ ಅಕ್ಷರ ಬಾಗಿಲ ಮೇಲೆ ಹಾಗೇ ಇತ್ತು. ನಾಳೆ ಬಾ. "ಮನೆಗೆ ನೆಂಟರು ಬಂದಿರ್ಬೇಕು, ಅಜ್ಜಿಗೆ, ಪುರುಸೊತ್ತಿಲ್ಲ ಅಂದ್ಕೊಂಡೆ. ಅದೂ ಏಕವಚನದಲ್ಲಿ ಬರೆದಿದಾರೆ. ಬನ್ನಿ ಅನ್ನಬಹುದಿತ್ತು."

ಅಜ್ಜಿ ಹೇಳಿದ್ದು ನಿಜ. ಆಸೆ ಇದ್ದವರಿಗೆ ಬುದ್ಧಿ ಇರುವುದಿಲ್ಲ.

ಅವನ ಆ ಪೆಚ್ಚು ಮುಖ ನೋಡಿ ನನ್ನ ಎದೆ ತುಂಬಿ ಬಂತು. ಇವನೇ ನನಗೆ ಬೇಕು, ಎಂದು ಆಗ ಒಂದು ಕೂದಲಷ್ಟೂ ಅನುಮಾನ ಉಳಿಯಲಿಲ್ಲ. ದುಪಟ್ಟಾದ ತುದಿಯಿಂದ ‘ನಾಳೆ’ಯನ್ನು ಮಾತ್ರ ಒರೆಸಿ ಹಾಕಿದೆ.

ಬಾಗಿಲ ಮೇಲೆ ‘ಬಾ’ ಉಳಿಯಿತು.

"ಏಕವಚನ ಸಾಕಾ?" ಎಂದೆ.

ಗುರು ಶೂ ಬಿಚ್ಚಿ, ಬರಿಗಾಲಲ್ಲಿ, ಸದ್ದಿಲ್ಲದೆ ಹೊಸ್ತಿಲು ದಾಟಿದ. "ಸಾಕು ಕಣೆ," ಎಂದ. ಅವನ ಕೈ ನನ್ನ ಕೈಯನ್ನು ಹುಡುಕಿತು. ಬೆಚ್ಚಗಿತ್ತು.

ಆಗ ನನ್ನ ಮಣಿಕಟ್ಟಿನ ಮೇಲೆ ವಾಚು ನಡುಗಿತು. ನಾನು ಓಡುತ್ತಿರಲಿಲ್ಲ, ಏನನ್ನೂ ಒತ್ತಿರಲಿಲ್ಲ. ಇಬ್ಬರೂ ಬಗ್ಗಿ ನೋಡಿದೆವು. ‘ಸಿಂಕ್ ಮುಗಿದಿದೆ.’ ಮರುಕ್ಷಣವೇ ಗುರುವಿನ ಫೋನ್ ರಿಂಗಾಯಿತು. ಆ ಕಡೆಯಿಂದ ಶಕುಂತಲಮ್ಮನ ದನಿ ನನಗೂ ಕೇಳಿತು. "ಗುರು, ಚಕ್ರ ನಿಂತಿತು ಕಣೋ. ತಾನಾಗೇ ನಿಂತಿತು."

ತೆರೆದ ಬಾಗಿಲಿನಿಂದ ತಣ್ಣನೆ ಗಾಳಿಯೊಂದು ಒಳಗಿಂದ ಹೊರಕ್ಕೆ ಹೋಯಿತು, ಅಂಗಳದ ತುಳಸಿ ಒಂದು ಸಲ ಅಲುಗಿ ಸುಮ್ಮನಾಯಿತು.

"ಯಾರೇ ಬಂದಿದ್ದು?" ಎಂದು ಅಜ್ಜಿ ಅಡುಗೆಮನೆಯಿಂದ ಕೂಗಿದಳು.

"ಗುರು ಬಂದಿದಾನೆ ಅಜ್ಜಿ."

"ಒಬ್ಬನೇನಾ?"

ನಾನು ಗುರುವಿನ ಮುಖ ನೋಡಿದೆ. ಅವನ ಕಣ್ಣು ತುಂಬಿತ್ತು, ಒಂದು ಕೆನ್ನೆಯಲ್ಲಿ ಗುಳಿ ಬಿದ್ದಿತ್ತು.

"ಹೂಂ ಅಜ್ಜಿ," ಎಂದೆ. "ಈಗ ಒಬ್ಬನೇ."